ಧೂಮಶೃಂಗನ ಕೊಂಬಿನ ಹೊಗೆ

ಲತೀಶನಿಗೆ ಕಂಠವಿರಲಿಲ್ಲ. ಆರಡಿ ಎತ್ತರದ ಆಳು, ಒಂದು ದಿನ ಬಿಟ್ಟರೆ ಮುಖದ ತುಂಬ ಗಡ್ಡ. ಬಾಯಿ ತೆರೆದರೆ ಮಾತ್ರ ಎಣ್ಣೆ ಕಾಣದ ಬಾಗಿಲ ಕೀಲಿನ ಸದ್ದು. ಕುವೈತಿನ ಮಿರ್ಕಾಬಿನಲ್ಲಿರುವ ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಮಾಡಿಕೊಡುವುದು ಅವನ ಕೆಲಸ. ಫೋನ್ ಮಾಡಿದವರೆಲ್ಲ ಅವನನ್ನು ‘ಮೇಡಂ’ ಎನ್ನುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದ. ಮೇಡಂ ಎಂದು ತಿಳಿದುಕೊಂಡವರು ಕಡಿಮೆ ಬೈಯುತ್ತಾರೆ ಎಂಬುದು ಗೊತ್ತಾದ ಮೇಲೆ ತಿದ್ದುವುದನ್ನು ಬಿಟ್ಟ.

ಹೊಟ್ಟೆಪಾಡಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ನಷ್ಟವಾದದ್ದು ಯಕ್ಷಗಾನದಲ್ಲಿ. ಕುವೈತಿನಲ್ಲಿರುವ ಕರಾವಳಿಯ ಕೆಲವರು ಸೇರಿ ಕಟ್ಟಿಕೊಂಡ ತಂಡವೊಂದಿತ್ತು. ಶುಕ್ರವಾರ ಅಭ್ಯಾಸ, ವರ್ಷಕ್ಕೊಂದು ಆಟ. ಯಕ್ಷಗಾನವೆಂದರೆ ಬರೆದುಕೊಟ್ಟದ್ದನ್ನು ಒಪ್ಪಿಸುವ ನಾಟಕವಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅದರ ಅರ್ಥವನ್ನು ವೇಷಧಾರಿ ನಿಂತಲ್ಲೇ ಹೊಸೆದು ಹೇಳಬೇಕು. ಎದುರಿನವನು ಏನು ಕೇಳಿದರೂ ಪಾತ್ರ ಬಿಡದೆ ಉತ್ತರ ಕೊಡಬೇಕು. ತಡವರಿಸಿದವನು ಸೋತ. ಹೊಸೆಯಲೂ ಬಾರದ, ಹೊಸೆದರೂ ಕೇಳಲಾಗದ ಲತೀಶನಿಗೆ ತಂಡದವರು ತೆರೆ ಹಿಡಿಯುವ ಕೆಲಸ ಕೊಟ್ಟಿದ್ದರು. ರಾಕ್ಷಸ ರಂಗಕ್ಕೆ ಬರುವಾಗ ಬಣ್ಣದ ಬಟ್ಟೆಯೊಂದನ್ನು ಇಬ್ಬರು ಅಡ್ಡ ಹಿಡಿಯುತ್ತಾರೆ. ರಾಕ್ಷಸ ಅದರ ಹಿಂದೆ ಕುಣಿದು, ಆರ್ಭಟಿಸಿ, ಕೊನೆಗೊಮ್ಮೆ ಪೂರ್ತಿ ಮುಖ ತೋರಿಸುತ್ತಾನೆ. ಆ ಬಟ್ಟೆಯ ಒಂದು ತುದಿ ಲತೀಶನದು. ಇನ್ನೊಂದು ತುದಿ ಆಸ್ಪತ್ರೆಯ ಲ್ಯಾಬಿನಲ್ಲಿರುವ ಫ್ರೆಡ್ರಿಕ್‌ನದು. ಊರಿನಲ್ಲಿ ಅಮ್ಮ ಆಟದ ವೀಡಿಯೊ ನೋಡಿ ಫೋನ್ ಮಾಡುತ್ತಿದ್ದಳು.

“ನಿನ್ನ ಬೆರಳು ಕಂಡಿತು ಮಗಾ. ಉಗುರು ತೆಗಿ.”

ಲತೀಶನಿಗೆ ಬೇಕಾದದ್ದು ದೊಡ್ಡದೇನಲ್ಲ. ಮಾತಿರುವ ಒಂದು ವೇಷ. ಎಷ್ಟು ಸಣ್ಣದಾದರೂ ಆಗಬಹುದು.

ತಂಡದ ಯಜಮಾನ ಪುರಂದರ. ಹಡಗಿನ ಸರಕು ಬಿಡಿಸುವ ಕಂಪನಿಯೊಂದರಲ್ಲಿ ಮ್ಯಾನೇಜರು. ಅವನಿಗೆ ಇಬ್ಬರಿಗಾಗುವಷ್ಟು ಕಂಠವಿತ್ತು. ರಾಕ್ಷಸನ ಬಣ್ಣದ ವೇಷವೆಂದರೆ ಅವನೇ. ಬೇರೆಯವರು ಕೇಳಿದ್ದೂ ಇಲ್ಲ, ಅವನು ಕೊಟ್ಟದ್ದೂ ಇಲ್ಲ. ಈ ಸಲ ಅವನು ತಾನೇ ಒಂದು ಪ್ರಸಂಗ ಬರೆದಿದ್ದ: ‘ಧೂಮಶೃಂಗ ಕಾಳಗ’. ಧೂಮಶೃಂಗನೆಂಬ ರಾಕ್ಷಸ ಕೊಂಬಿನಿಂದ ಹೊಗೆಯುಗುಳಿ ಮೂರು ಲೋಕವನ್ನೂ ಕತ್ತಲು ಮಾಡುತ್ತಾನೆ. ಬರೆಯುವಾಗ ಅದು ಸುಲಭವಾಗಿತ್ತು. ಹೊಗೆ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂದದ್ದು ಪ್ರಸಂಗ ಮುಗಿದ ಮೇಲೆ.

ಊರಲ್ಲಾದರೆ ದೊಂದಿಗೆ ರಾಳದ ಪುಡಿ ಎರಚುತ್ತಾರೆ, ಬೆಂಕಿ ಭಗ್ಗೆಂದು ಏಳುತ್ತದೆ. ಇಲ್ಲಿ ಆಟ ನಡೆಯುವುದು ಶಾಲೆಯೊಂದರ ಸಭಾಂಗಣದಲ್ಲಿ. ಬೆಂಕಿ ಬಿಡಿ, ಊದುಬತ್ತಿಗೂ ಅನುಮತಿಯಿಲ್ಲ. ಹಿಂದಿನ ವರ್ಷ ರಾಳದ ಬದಲು ಟಾಲ್ಕಂ ಪೌಡರ್ ಎರಚಿದ್ದರು. ಮುಂದಿನ ಸಾಲಿನವರು ಸೀನಿದರು. ಆಮೇಲೆ ರಾಕ್ಷಸನೂ ಸೀನಿದ.

ಖೈತಾನಿನಲ್ಲಿ ಪುರಂದರನ ಫ್ಲ್ಯಾಟಿನಲ್ಲಿ ಈ ಬಗ್ಗೆ ಮೀಟಿಂಗ್ ನಡೆಯುತ್ತಿದ್ದಾಗ ಲತೀಶ ಬಾಲ್ಕನಿಗೆ ಹೋಗಿ ಬ್ಯಾಟರಿಯಿಂದ ಹೊಗೆ ಬರುವ ವೇಪ್ ಎಳೆಯುತ್ತಿದ್ದ. ಅವನು ಬಿಟ್ಟ ಹೊಗೆ ತೆರೆದ ಬಾಗಿಲಿನಿಂದ ಒಳಗೆ ಬಂದು ಪುರಂದರನ ತಲೆಯ ಮೇಲೆ ನಿಂತಿತು.

“ಏ ಲತೀಶ, ಎಂತದಾ ಅದು? ಹಣ್ಣಿನಂಗಡಿಗೆ ಬೆಂಕಿ ಬಿದ್ದ ಹಾಗೆ ವಾಸನೆ!”

“ವೇಪ್ ಪುರಂದರಣ್ಣ. ಸಿಗರೇಟು ಬಿಡ್ಲಿಕ್ಕೆ ಅಂತ.”

“ಬಿಟ್ಟಾಯ್ತಾ ಸಿಗರೇಟು?”

“ಇಲ್ಲ. ಈಗ ಎರಡೂ ಉಂಟು.”

ಎಲ್ಲರೂ ನಕ್ಕರು. ಪುರಂದರ ನಗಲಿಲ್ಲ. ಅವನು ತಲೆಯ ಮೇಲಿನ ಹೊಗೆಯನ್ನು ನೋಡುತ್ತಿದ್ದ. ಉಸಿರು ಕಟ್ಟುತ್ತಿರಲಿಲ್ಲ, ಕಣ್ಣು ಉರಿಯುತ್ತಿರಲಿಲ್ಲ, ಬೆಂಕಿಯೂ ಇರಲಿಲ್ಲ.

“ಇದನ್ನು ಕೊಂಬಿನಲ್ಲಿ ಬರಿಸ್ಲಿಕ್ಕೆ ಆಗ್ತದಾ?”

“ಆಗ್ತದೆ,” ಎಂದ ಲತೀಶ. ಯೋಚನೆ ಮಾಡಿದ್ದು ಆಮೇಲೆ. “ಒಳಗೆ ಒಂದು ತಂತಿಯ ಸುರುಳಿ ಇರ್ತದೆ ಅಣ್ಣ. ಕಾಯಿಲ್. ಅದರ ಮಧ್ಯೆ ಹತ್ತಿ, ಹತ್ತಿಗೆ ದ್ರಾವಣ. ಬ್ಯಾಟರಿ ಕೊಟ್ಟರೆ ತಂತಿ ಕಾಯ್ತದೆ, ದ್ರಾವಣ ಹೊಗೆ ಆಗ್ತದೆ. ಎಲ್ಲರೂ ರೆಡಿ ಕಾಯಿಲ್ ತರ್ತಾರೆ. ನಾನು ನಾನೇ ಸುತ್ತುದು.”

“ಯಕ್ಷಗಾನಕ್ಕೆ ಬಂದು ಇಷ್ಟು ವರ್ಷ ಆಯ್ತು, ನಿನಗೆ ಒಂದು ಕೆಲಸ ಬರ್ತದೆ ಅಂತ ಇವತ್ತು ಗೊತ್ತಾಯ್ತು,” ಎಂದ ಫ್ರೆಡ್ರಿಕ್.

ಒಪ್ಪಂದ ಅಲ್ಲೇ ಆಯಿತು. ಕೊಂಬಿನಲ್ಲಿ ಹೊಗೆ ಬಂದರೆ ಧೂಮಶೃಂಗನ ಮಂತ್ರಿ ದುರ್ಮತಿಯ ವೇಷ ಲತೀಶನಿಗೆ.

“ಆದರೆ ನೀನು ಹೊಸೀಲಿಕ್ಕೆ ಹೋಗ್ಬೇಡ,” ಎಂದ ಪುರಂದರ. “ನಾನು ಬರೆದು ಕೊಡ್ತೇನೆ. ನಾಲ್ಕು ಮಾತು. ಉಳಿದದ್ದಕ್ಕೆಲ್ಲ ಮಂಡೆ ಆಡಿಸು.”

“ಸ್ವರ, ಅಣ್ಣ?”

“ರಾಕ್ಷಸನ ಮಂತ್ರಿ ಅಲ್ವಾ. ಹೇಗಿದ್ರೂ ನಡೀತದೆ.”

ಲತೀಶ ಆ ನಾಲ್ಕು ಮಾತುಗಳನ್ನು ಲಿಫ್ಟಿನಲ್ಲಿ ಹೇಳಿದ, ಆಫೀಸಿನ ಜೆರಾಕ್ಸ್ ಮೆಷಿನ್ನಿನ ಎದುರು ಹೇಳಿದ, ಬಚ್ಚಲಿನಲ್ಲಿ ಹೇಳಿದ. “ಒಡೆಯಾ, ಅಪ್ಪಣೆಯಾದರೆ ಸ್ವರ್ಗದ ಬಾಗಿಲಿಗೇ ಮಸಿ ಬಳಿಯುವೆ!” ರೂಮಿನ ಮಲಯಾಳಿ ಹುಡುಗರು ಬಾಗಿಲು ಬಡಿದು, ಒಳಗೆ ಯಾರಾದರೂ ಹೆಂಗಸರಿದ್ದಾರಾ ಎಂದು ಕೇಳಿದರು.

ಇನ್ನು ಕಾಯಿಲ್. ಲತೀಶನಿಗೆ ಸುತ್ತಲು ಬರುತ್ತಿತ್ತು. ಯಾಕೆ ಅಷ್ಟೇ ಸುತ್ತಬೇಕು ಎಂಬುದು ಗೊತ್ತಿರಲಿಲ್ಲ. ವೀಡಿಯೊದಲ್ಲಿ ಗಡ್ಡದವನೊಬ್ಬ ಸ್ಕ್ರೂಡ್ರೈವರಿಗೆ ಆರು ಸುತ್ತು ಸುತ್ತುತ್ತಿದ್ದ. ಇವನೂ ಆರು ಸುತ್ತು ಸುತ್ತುತ್ತಿದ್ದ. ಹವಲ್ಲಿಯ ವೇಪ್ ಅಂಗಡಿಯಲ್ಲಿ ಮಂಗಳೂರಿನ ಸಫ್ವಾನ್ ಕೊಟ್ಟ ಇಪ್ಪತ್ತಾರನೇ ನಂಬರಿನ ತಂತಿ ಇಷ್ಟರವರೆಗೆ ಸಾಕಾಗಿತ್ತು. ಈಗ ಬೇಕಾದದ್ದು ರಾಕ್ಷಸನಿಗೆ ತಕ್ಕ ಹೊಗೆ. ದೊಡ್ಡ ಹೊಗೆಗೆ ದೊಡ್ಡ ನಂಬರು ಎಂದುಕೊಂಡು ಮೂವತ್ತಾರರದ್ದನ್ನು ತಂದ. ಸಫ್ವಾನ್ ಆಗ ಬಿರಿಯಾನಿ ತಿನ್ನುತ್ತಿದ್ದ, ಯಾಕೆಂದು ಕೇಳಲಿಲ್ಲ.

ಆ ತಂತಿ ತಲೆಕೂದಲಿನಷ್ಟು ಸಪೂರ. ಸುತ್ತಿ, ಹತ್ತಿ ತುರುಕಿ, ಬಟನ್ ಒತ್ತಿದರೆ ಊದುಬತ್ತಿಯಷ್ಟು ಹೊಗೆ. ಸುತ್ತು ಜಾಸ್ತಿ ಮಾಡಿದ. ಹೊಗೆ ಇನ್ನೂ ಕಡಿಮೆಯಾಯಿತು. ಸಿಟ್ಟು ಬಂದು ವೇಪ್ ಮೆಷಿನ್ನಿನ ಪವರನ್ನು ಪೂರ್ತಿ ಏರಿಸಿದ. ತಂತಿ ಒಮ್ಮೆ ಬೆಳ್ಳಗೆ ಹೊಳೆದು ತುಂಡಾಯಿತು, ಹತ್ತಿ ಕರಕಲಾಯಿತು. ರೂಮಿನ ವಾಸನೆ ಎರಡು ದಿನ ಹೋಗಲಿಲ್ಲ.

ಕೊನೆಗೆ ಪುರಂದರನ ಹೆಂಡತಿ ವಾರಿಜಳ ಬಳಿಗೆ ಹೋದ. ವಾರಿಜ ಶಾಲೆಯಲ್ಲಿ ಫಿಸಿಕ್ಸ್ ಟೀಚರು. ಊಟದ ಮೇಜಿನ ಮೇಲೆ ಉತ್ತರ ಪತ್ರಿಕೆ ತಿದ್ದುತ್ತಿದ್ದವಳು ಸುಟ್ಟ ತಂತಿಯನ್ನು ಬೆಳಕಿಗೆ ಹಿಡಿದು ನೋಡಿದಳು.

“ನಂಬರು ದೊಡ್ಡದಾದಷ್ಟು ತಂತಿ ಸಪೂರ ಆಗ್ತದೆ ಮಾರಾಯ. ಇದು ಗೊತ್ತಿಲ್ದೆ ಸುತ್ತಿದ್ದಾ? ನಿನ್ನ ಹಾಗಿನವರು ಒಂಬತ್ತನೇ ಕ್ಲಾಸಿನಲ್ಲಿ ಸುಮಾರು ಜನ ಇದ್ದಾರೆ. ಕೂತ್ಕೊ.”

ಲತೀಶ ಕೂತ.

“ತಂತಿ ಅಂದ್ರೆ ರಸ್ತೆ. ಕರೆಂಟ್ ಅಂದ್ರೆ ಕಾರು. ಬ್ಯಾಟರಿ ಅಂದ್ರೆ ಹಿಂದಿನಿಂದ ಹಾರ್ನ್ ಹೊಡೆದು ತಳ್ಳುವವ. ಹವಲ್ಲಿಯ ಗಲ್ಲಿ ಗೊತ್ತಲ್ಲ? ಎರಡೂ ಬದಿ ಪಾರ್ಕ್ ಮಾಡಿರ್ತಾರೆ, ಒಂದೊಂದೇ ಕಾರು ಉಜ್ಜಿಕೊಂಡು ಹೋಗ್ಬೇಕು. ಅದು ಸಪೂರ ತಂತಿ. ತಡೆ ಜಾಸ್ತಿ. ಗಲ್ಲಿ ಉದ್ದ ಆದಷ್ಟೂ ತಡೆ ಜಾಸ್ತಿ. ನೀನು ಸುತ್ತು ಜಾಸ್ತಿ ಮಾಡಿದ್ದು ಅಂದ್ರೆ ಗಲ್ಲಿಯನ್ನೇ ಉದ್ದ ಮಾಡಿದ್ದು.”

“ಉಜ್ಜಾಟ ಜಾಸ್ತಿ ಆದ್ರೆ ಬಿಸಿಯೂ ಜಾಸ್ತಿ ಅಲ್ವಾ ಅಕ್ಕ?”

“ಎಲ್ಲರೂ ಬೀಳುದು ಅಲ್ಲೇ. ಉಜ್ಜಾಟ ಉಂಟು, ಕಾರೇ ಇಲ್ಲ! ಬೆಳಿಗ್ಗೆಯಿಂದ ಸಂಜೆವರೆಗೆ ನಾಲ್ಕು ಕಾರು ದಾಟಿದ್ರೆ ಎಂತ ಬಿಸಿ? ಈ ಬ್ಯಾಟರಿಗೆ ತಳ್ಳುವ ತ್ರಾಣ ಅಷ್ಟೇ. ಬಿಸಿ ಬೇಕಾದ್ರೆ ಉಜ್ಜಾಟವೂ ಬೇಕು, ಕಾರೂ ಬೇಕು. ದಪ್ಪ ತಂತಿ ತಗೊ. ಸುತ್ತು ಕಡಿಮೆ ಮಾಡು. ಒಂದರ ಪಕ್ಕ ಇನ್ನೊಂದು ಕಾಯಿಲ್ ಹಾಕು.”

“ಎರಡು ಹಾಕಿದ್ರೆ ತಡೆ ಡಬ್ಬಲ್ ಆಗುದಿಲ್ವಾ?”

“ಅಕ್ಕಪಕ್ಕ ಎರಡು ರಸ್ತೆ ಮಾಡಿದ್ರೆ ಟ್ರಾಫಿಕ್ ಜಾಮ್ ಜಾಸ್ತಿ ಆಗ್ತದಾ ಕಡಿಮೆ ಆಗ್ತದಾ?”

ಕಡಿಮೆ ಎಂದು ಲತೀಶನಿಗೆ ಹೊಳೆದಾಗ, ಇಷ್ಟು ವರ್ಷ ತಾನು ಲೆಕ್ಕ ಗೊತ್ತಿಲ್ಲದೆ ಸುತ್ತಿ ಬಾಯಿಗೆ ಇಟ್ಟುಕೊಳ್ಳುತ್ತಿದ್ದದ್ದು ಎಂಥ ಅಪಾಯ ಎಂಬುದೂ ಹೊಳೆಯಿತು.

ವಾರಿಜ ತಡೆ ಅಳೆಯುವ ಮೀಟರನ್ನು ಶಾಲೆಯಿಂದ ಮನೆಗೆ ತಂದಳು. ಇಪ್ಪತ್ನಾಲ್ಕನೇ ನಂಬರಿನ ತಂತಿಯಲ್ಲಿ ಎರಡು ಕಾಯಿಲ್ ಸುತ್ತಿಸಿ, ಸಣ್ಣ ಲೋಹದ ಬಟ್ಟಲಿನಂಥ ಅದರ ಪೀಠದಲ್ಲಿ ಎರಡು ಕಂಬಗಳಿಗೆ ತಿರುಪಿನಿಂದ ಬಿಗಿಸಿದಳು. ಒಂದು ಕಂಬ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಮೈನಸ್ಸಿಗೆ. ಮೀಟರು ಸೊನ್ನೆ ಪಾಯಿಂಟ್ ಆರು ತೋರಿಸಿತು. ಲತೀಶ ಅದನ್ನು ಅಂಗೈಯಲ್ಲಿ ಬರೆದುಕೊಳ್ಳಲು ಹೊರಟ.

“ತಡಿ. ಮೊದಲು ಮೀಟರಿನ ಎರಡು ವಯರಿನ ತುದಿಯನ್ನು ಒಂದಕ್ಕೊಂದು ತಾಗಿಸು.”

ತಾಗಿಸಿದ. ಏನೂ ಇಲ್ಲದಿದ್ದರೂ ಸೊನ್ನೆ ಪಾಯಿಂಟ್ ಮೂರು ಬಂತು.

“ಅದು ಮೀಟರಿನ ಸ್ವಂತ ವಯರಿನ ತಡೆ. ಅದನ್ನು ಕಳೆಯದೆ ಎಲ್ಲರೂ ಮಂಗ ಆಗ್ತಾರೆ. ಈಗ ಹೇಳು, ನಿನ್ನ ಕಾಯಿಲಿಗೆ ಎಷ್ಟು?”

“ಪಾಯಿಂಟ್ ಮೂರು.”

“ಬ್ಯಾಟರಿಯ ಮೂರು ಪಾಯಿಂಟ್ ಏಳು ವೋಲ್ಟನ್ನು ಅದರಿಂದ ಭಾಗಿಸು. ಹನ್ನೆರಡು ಆಂಪಿಯರ್. ಬ್ಯಾಟರಿ ಇಪ್ಪತ್ತರವರೆಗೆ ಕೊಡ್ತೇನೆ ಅಂತ ಮೈಮೇಲೇ ಬರ್ಕೊಂಡಿದೆ. ನೀನು ಪಾಸು.”

ಬಟನ್ ಒತ್ತಿದರೆ ಮೇಜು ಕಾಣದಷ್ಟು ಹೊಗೆ. ಉತ್ತರ ಪತ್ರಿಕೆಗಳು ಬ್ಲೂಬೆರಿ ವಾಸನೆ ಹೊಡೆದವು. ಲತೀಶನಿಗೆ ಅವತ್ತು ದುರ್ಮತಿಯ ನಾಲ್ಕೂ ಮಾತು ತಡೆಯಿಲ್ಲದೆ ಬಂದವು.

ಎರಡು ವಾರ ಎಲ್ಲವೂ ಸರಿಯಿತ್ತು. ಕಿರೀಟದ ಹಿಂಬದಿಯಲ್ಲಿ ಯಂತ್ರ, ಅಲ್ಲಿಂದ ಎರಡೂ ಕೊಂಬಿಗೆ ಮೀನಿನ ತೊಟ್ಟಿಯ ಪೈಪು, ಗಾಳಿ ತಳ್ಳಲು ಮೀನಿನ ತೊಟ್ಟಿಯದ್ದೇ ಪುಟ್ಟ ಪಂಪು. ಪುರಂದರನಿಗೆ ಕಾಯಿಲ್ ನೋಡಬೇಕೆನಿಸಿದ್ದು ಆಟಕ್ಕೆ ಇನ್ನೇನು ಒಂದು ವಾರ ಇದ್ದಾಗ.

“ಇದು ಯಾವ ಲೋಹ?”

“ಕಾಂತಾಲ್ ಅಂತ ಅಣ್ಣ. ಕಬ್ಬಿಣಕ್ಕೆ ಇನ್ನೆಂತೆಂತದೋ ಸೇರಿಸಿದ್ದು.”

“ಕಬ್ಬಿಣವಾ?” ಪುರಂದರ ಎದ್ದು ನಿಂತ. “ವೇಷ ಕಟ್ಟುವ ಮೊದಲು ಕಿರೀಟಕ್ಕೆ ಚೌಕಿಯಲ್ಲಿ ಪೂಜೆ ಆಗ್ತದೆ ಲತೀಶ. ಗಣಪತಿಯ ಎದುರು ಇಟ್ಟು ಆರತಿ ಎತ್ತಿ ತಲೆಗೆ ಕಟ್ಟುದು. ಅದರೊಳಗೆ ಗುರುತು ಪರಿಚಯ ಇಲ್ಲದ ಕಬ್ಬಿಣ ಬೇಡ. ತಾಮ್ರ ಹಾಕು. ಕಲಶಕ್ಕೆ ತಾಮ್ರ, ಉದ್ಧರಣೆಗೆ ತಾಮ್ರ. ನೀರು ಕುಡಿಯುವ ತಂಬಿಗೆಯೂ ತಾಮ್ರ.”

“ತಾಮ್ರಕ್ಕೆ ತಡೆಯೇ ಇಲ್ಲ ಮಾರಾಯ್ರೆ,” ಎಂದಳು ವಾರಿಜ ಅಡುಗೆಮನೆಯಿಂದ. “ಮದುವೆ ಊಟಕ್ಕೆ ಕೂತ ನಿಮ್ಮ ಹಾಗೆ. ಬಂದದ್ದೆಲ್ಲ ಒಳಗೆ. ಬ್ಯಾಟರಿ ಇದ್ದದ್ದನ್ನೆಲ್ಲ ಒಮ್ಮೆಲೇ ಕೊಟ್ಟು ಸತ್ತು ಹೋಗ್ತದೆ.”

“ನಿನ್ನ ಫಿಸಿಕ್ಸ್ ಶಾಲೆಯಲ್ಲಿ ಇಟ್ಕೊ.”

ಲತೀಶ ಪುರಂದರನ ಎದುರೇ ತಾಮ್ರದ ತಂತಿ ಸುತ್ತಿ ಮೆಷಿನ್ನಿಗೆ ಹಾಕಿ ತೋರಿಸಿದ. ಮೆಷಿನ್ನು ‘ಶಾರ್ಟ್’ ಎಂದು ಬರೆದು ಕಣ್ಣು ಮುಚ್ಚಿತು. ಮೂರು ಸಲ ಒತ್ತಿದರೂ ಅದೇ ಮಾತು.

“ಮೆಷಿನ್ನಿಗೆ ಎಂತ ಗೊತ್ತುಂಟು?” ಎಂದ ಪುರಂದರ. “ನೋಡು ಲತೀಶ, ತಾಮ್ರ ಇಲ್ದಿದ್ರೆ ಹೊಗೆ ಬೇಡ. ಹೊಗೆ ಇಲ್ದಿದ್ರೆ ನೀನು ತೆರೆ ಹಿಡಿ. ಫ್ರೆಡ್ರಿಕ್ಕಿಗೂ ಜೊತೆ ಆಗ್ತದೆ.”

ಲತೀಶ ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಅವನಿಗೆ ಉಪಾಯ ಹೊಳೆಯಿತು. ಕಾಯಿಲ್ ಕಾಂತಾಲ್‌ನದ್ದೇ ಇರಲಿ. ತಾಮ್ರದ ತಂತಿಯನ್ನು ಮೂರು ಸುತ್ತು ಸುತ್ತಿ, ಬಳೆಯ ಹಾಗೆ ಆ ಬಟ್ಟಲಿನ ಬಾಯಿಯ ಒಳ ಅಂಚಿಗೆ ಕೂರಿಸಿದರಾಯಿತು. ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ನೋಡುವವನಿಗೆ ತಾಮ್ರ ಕಾಣುತ್ತದೆ, ಓಡುವ ಕರೆಂಟು ಓಡುತ್ತಿರುತ್ತದೆ. ಅಡ್ಡಿಯೊಂದೇ: ಮುಚ್ಚಳ ಹಾಕಿದರೆ ಬಳೆ ಕೂರುತ್ತಿರಲಿಲ್ಲ. ಮುಚ್ಚಳ ತೆಗೆದಿಟ್ಟ. ಹೊಗೆಯೂ ಸಲೀಸಾಗಿ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಪುರಂದರ ಬಗ್ಗಿ ನೋಡಿದ. ಕೆಂಪಗೆ ತಾಮ್ರ ಹೊಳೆಯುತ್ತಿತ್ತು.

“ಈಗ ಆಯ್ತಾ ಇಲ್ವಾ? ಹಿರಿಯರು ಹೇಳಿದ್ದನ್ನು ಕೇಳ್ಬೇಕು.”

ಲತೀಶ ಮಂಡೆ ಆಡಿಸಿದ. ವಾರಿಜಳಿಗೆ ತಿಳಿಸುವ ಧೈರ್ಯ ಬರಲಿಲ್ಲ.

ಇನ್ನೊಂದು ತೊಡಕಿತ್ತು. ಅವನ ಮೆಷಿನ್ನು ಎಷ್ಟು ಒತ್ತಿ ಹಿಡಿದರೂ ಹತ್ತು ಸೆಕೆಂಡಿಗೆ ತಾನೇ ನಿಲ್ಲುತ್ತಿತ್ತು. ತಲೆಯ ಮೇಲಿನ ಬಟನನ್ನು ಮತ್ತೆ ಮತ್ತೆ ಒತ್ತಲು ರಾಕ್ಷಸನಿಗೆ ಆಗುತ್ತದೆಯೇ? ಸಫ್ವಾನ್ ಕಪಾಟಿನ ಹಿಂದಿನಿಂದ ಹಿತ್ತಾಳೆಯ ಕೊಳವೆಯೊಂದನ್ನು ತೆಗೆದು ಕೊಟ್ಟ.

“ಇದು ನನ್ನ ಸ್ವಂತದ್ದು ಭಾಯಿ, ಮಾರ್ಲಿಕ್ಕೆ ಅಲ್ಲ. ಇದಕ್ಕೆ ಮಂಡೆ ಇಲ್ಲ. ಒಂದು ಬ್ಯಾಟರಿ, ಒಂದು ಬಟನ್, ಖಲಾಸ್. ಎಷ್ಟು ಹೊತ್ತು ಒತ್ತಿದ್ರೂ ಕೊಡ್ತದೆ.”

“ಶಾರ್ಟ್ ಆದ್ರೆ?”

“ನಿನ್ನದು ಶಾರ್ಟ್ ಅಂತ ಹೇಳ್ತದೆ. ಇದು ಹೇಳುದಿಲ್ಲ. ಮಾಡಿ ತೋರಿಸ್ತದೆ.”

ತನ್ನ ಕಾಯಿಲಿನ ತಡೆ ಪಾಯಿಂಟ್ ಮೂರು, ತಾನು ಪಾಸಾದವನು. ಲತೀಶ ಕೊಳವೆಯನ್ನು ಜೇಬಿಗೆ ಹಾಕಿಕೊಂಡ. ಕಿರೀಟದಲ್ಲಿ ಮೆಷಿನ್ನಿನ ಜಾಗಕ್ಕೆ ಅದನ್ನೇ ಕೂರಿಸಿದ.

ಆಟದ ದಿನ ಸಂಜೆ ಸಭಾಂಗಣ ತುಂಬಿತ್ತು. ಮಕ್ಕಳು ಇಂಗ್ಲಿಷಿನಲ್ಲಿ ಕಿರುಚುತ್ತಿದ್ದವು, ತಾಯಂದಿರು ತುಳುವಿನಲ್ಲಿ ಗದರುತ್ತಿದ್ದರು. ಬಣ್ಣ ಹಚ್ಚುವ ಕೋಣೆಯಾದ ಚೌಕಿಯಲ್ಲಿ ಕಿರೀಟದ ಎದುರು ಬ್ಯಾಟರಿಯ ದೀಪ ಹಚ್ಚಿ ಪೂಜೆ ಮುಗಿಸಿದರು. ಪುರಂದರನ ಮುಖದ ಮೇಲೆ ಕೆಂಪು, ಕಪ್ಪು, ಬಿಳಿಯ ಬಣ್ಣ ಕೂತು ಅವನ ಸ್ವಂತ ಮೂಗು ಎಲ್ಲಿದೆಯೆಂದು ಗೊತ್ತಾಗುತ್ತಿರಲಿಲ್ಲ. ಲತೀಶ ಮೊದಲ ಬಾರಿಗೆ ವೇಷ ಕಟ್ಟಿದ್ದ. ಕಣ್ಣಿಗೆ ಕಾಡಿಗೆ, ಹೆಗಲಿಗೆ ಭುಜಕೀರ್ತಿ, ಕಾಲಿಗೆ ಗೆಜ್ಜೆ. ಉಸಿರು ಬಿಟ್ಟರೂ ಗೆಜ್ಜೆ ಸದ್ದು ಮಾಡುತ್ತಿತ್ತು.

ಚೆಂಡೆ ಎದ್ದಿತು. ಫ್ರೆಡ್ರಿಕ್ ಹೊಸ ಜೊತೆಗಾರನೊಂದಿಗೆ ತೆರೆ ಹಿಡಿದ. ಲತೀಶ ತೆರೆಯ ಹಿಂದೆ ಬಗ್ಗಿ, ಕಿರೀಟದ ಹಿಂಬದಿಯ ಬಟನನ್ನು ಒತ್ತಿ, ಅದು ಹಾಗೇ ನಿಲ್ಲುವಂತೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ ಪಕ್ಕಕ್ಕೆ ಸರಿದ. ತೆರೆ ಜಾರಿತು.

ಎರಡೂ ಕೊಂಬಿನಿಂದ ಬೆಳ್ಳಗೆ, ದಪ್ಪಗೆ, ಸುರುಳಿ ಸುರುಳಿಯಾಗಿ ಹೊಗೆ ಎದ್ದಿತು. ಸಭೆ ಸಿಳ್ಳೆ ಹಾಕಿತು. ಬ್ಲೂಬೆರಿ ವಾಸನೆ ಕೊನೆಯ ಸಾಲಿನವರೆಗೂ ಹೋಯಿತು. ಒಂದು ಮಗು ಎದ್ದು ನಿಂತು ಐಸ್‌ಕ್ರೀಂ ಬೇಕು ಎಂದು ಅತ್ತಿತು. ಪುರಂದರನ ಆರ್ಭಟಕ್ಕೆ ಮೈಕು ಕಿರ್ರೆಂದಿತು. ರಂಗದ ಮಗ್ಗುಲಲ್ಲಿ ನಿಂತ ಲತೀಶ ತನ್ನ ಮೊದಲ ಮಾತನ್ನು ತುಟಿಯಲ್ಲೇ ಹೇಳಿಕೊಂಡ. ಧೂಮಶೃಂಗನ ಕುಣಿತ ಮುಗಿದು ಭಾಗವತರು ಪದ್ಯ ಎತ್ತಿದ ಕೂಡಲೇ ಅವನ ಪ್ರವೇಶ.

ಚಪ್ಪಾಳೆ ಕೇಳಿ ಪುರಂದರನಿಗೆ ಹುರುಪು ಬಂತು. ಅಭ್ಯಾಸದಲ್ಲಿ ಇಲ್ಲದ ಗಿರ್ಕಿ ಹೊಡೆಯತೊಡಗಿದ. ನಿಂತಲ್ಲೇ ಬುಗುರಿಯ ಹಾಗೆ ಸುತ್ತಿದ. ಸುತ್ತಿ ಸುತ್ತಿ ಥಟ್ಟನೆ ನಿಂತು ತಲೆ ಕೊಡವಿದ. ಬಟ್ಟಲಿನ ಬಾಯಿಗೆ ಕೂರಿಸಿದ್ದ ತಾಮ್ರದ ಬಳೆ ಆಗ ಜಾರಿ ಒಳಗೆ ಬಿತ್ತು. ಬಿದ್ದದ್ದು ಎರಡು ಕಂಬಗಳ ಮೇಲೆ, ಸೇತುವೆಯ ಹಾಗೆ. ಕರೆಂಟು ಗಲ್ಲಿ ಬಿಟ್ಟು ಹೈವೇಗೆ ಇಳಿಯಿತು.

ಲತೀಶನಿಗೆ ಮೊದಲು ಕೇಳಿದ್ದು ಸದ್ದು. ಸ್ಸ್ ಎಂದು, ಕುಕ್ಕರಿನ ಸೀಟಿಗೂ ಮೊದಲು ಬರುವಂಥದ್ದು. ಆಮೇಲೆ ಹೊಗೆಯ ಬಣ್ಣ ಬೂದಿಯಾಯಿತು. ವಾಸನೆಯಲ್ಲಿ ಹಣ್ಣು ಹೋಗಿ ಪ್ಲಾಸ್ಟಿಕ್ ಬಂತು. 

ಅವನ ಪ್ರವೇಶಕ್ಕೆ ಇನ್ನೂ ಹೊತ್ತಿತ್ತು. ಗೆಜ್ಜೆ ಸದ್ದು ಮಾಡುತ್ತ ರಂಗಕ್ಕೆ ಓಡಿದ.

“ಪುರಂದರಣ್ಣಾ! ಕಿರೀಟ ತೆಗೀರಿ!”

ಮೈಕು ಆ ಸ್ವರವನ್ನು ಹಿಡಿದು ಇಡೀ ಸಭೆಗೆ ಹಂಚಿತು. ಚೆಂಡೆ ನಿಂತಿತು. ಸಮಯಕ್ಕೆ ಮೊದಲೇ ಬಂದ ಮಂತ್ರಿ, ಅದೂ ನಿಜವಾದ ಹೆಸರು ಹಿಡಿದು ಕೂಗುತ್ತಿದ್ದಾನೆ. ಆದರೆ ಪುರಂದರ ಮೂವತ್ತು ವರ್ಷ ವೇಷ ಕಟ್ಟಿದವನು. ಪಾತ್ರ ಬಿಡುವ ಜಾತಿಯಲ್ಲ.

“ಎಲವೋ ದುರ್ಮತಿ! ಪುರಂದರನೆಂದರೆ ಇಂದ್ರನಲ್ಲವೇನೋ! ನನ್ನ ಉಪ್ಪು ತಿಂದು, ನನ್ನೆದುರೇ ನನ್ನ ವೈರಿಯ ಹೆಸರೆತ್ತುವೆಯಾ?”

ಸಭೆ ಹೋ ಎಂದಿತು.

“ಅಯ್ಯೋ, ಅದಲ್ಲ ಅಣ್ಣ! ಕಿರೀಟ ಬಿಸಿ ಆಗಿದೆ!”

“ರಾಜರ ಕಿರೀಟ ತಣ್ಣಗಿದ್ದ ಕಾಲ ಯಾವುದಯ್ಯಾ? ಬಿಸಿ ತಡೆಯಬಲ್ಲವನು ರಾಜ. ತಡೆಯಲಾರದವನು ಮಂತ್ರಿ!”

ಚಪ್ಪಾಳೆ. ಭಾಗವತರು ತಾಳ ಕುಟ್ಟಿದರು. ತಂಡದಲ್ಲಿ ಇಷ್ಟು ಬಿಗಿಯಾದ ಸಂಭಾಷಣೆ ಅವರೂ ಕೇಳಿರಲಿಲ್ಲ.

“ಒಡೆಯಾ! ಬ್ಯಾಟರಿ!”

ಧೂಮಶೃಂಗನಿಗೆ ಗೊತ್ತಿದ್ದ ಪುರಾಣದಲ್ಲಿ ಆ ಹೆಸರು ಇರಲಿಲ್ಲ.

“ಯಾರವನು ಬ್ಯಾಟರಿ? ಯಾವ ಲೋಕದ ವೀರ? ಕರೆ ಅವನನ್ನು, ಇಲ್ಲಿಯೇ ಸೀಳುವೆ!”

ಜನ ಕುರ್ಚಿಯಿಂದ ಏಳತೊಡಗಿದ್ದರು, ನಗುವಿಗೆ. ಎದ್ದವರಲ್ಲಿ ನಗದೇ ಇದ್ದವಳು ಮೊದಲ ಸಾಲಿನ ವಾರಿಜ ಒಬ್ಬಳೇ.

“ಓ ಮಾರಾಯ್ರೆ! ನಿಮ್ಮ ಮಂಡೆಗೆ ಬೆಂಕಿ ಬಿದ್ದಿದೆ!”

ಹೆಂಡತಿಯ ಸ್ವರ ಕೇಳಿದ್ದೇ ಪುರಂದರನ ಕೈ ಹಿಂದಲೆಗೆ ಹೋಯಿತು. ಹೋದ ಕೈ ಹಾಗೇ ಹಾರಿ ಬಂತು. “ಅಯ್ಯಯ್ಯಪ್ಪಾ!” ಎಂದ, ಮೊದಲ ಬಾರಿಗೆ ಸ್ವಂತ ಸ್ವರದಲ್ಲಿ. ಲತೀಶ ನೆಗೆದು ಕಿರೀಟ ಹಿಡಿದ. ಗದ್ದಕ್ಕೆ ಬಿಗಿದ ಕಟ್ಟು ಬಿಚ್ಚುತ್ತಿರಲಿಲ್ಲ. ರಾಜ ಕುಕ್ಕರಗಾಲಿನಲ್ಲಿ ಕೂತ, ಮಂತ್ರಿ ಅವನ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದ. ಕಟ್ಟು ಹರಿಯಿತು. ಹೊಗೆ ಕಾರುವ ಕಿರೀಟವನ್ನು ಎದೆಯಿಂದ ದೂರ ಹಿಡಿದುಕೊಂಡು ಲತೀಶ ಮಗ್ಗುಲ ಬಾಗಿಲಿನಿಂದ ಹೊರಗೋಡಿ, ಅಂಗಳದ ಮರಳಿಗೆ ಎಸೆದ. ಬಿದ್ದಲ್ಲೇ ಅದು ಢಬ್ ಎಂದು ಜಿಗಿಯಿತು. ಥರ್ಮೊಕೋಲಿನ ಕೊಂಬುಗಳು ಹಳದಿ ಉರಿಯಲ್ಲಿ ಕರಗಿ ಕೂತವು.

ಅಲಾರಂ ಕೂಗತೊಡಗಿತು. ಕಟ್ಟಡ ಕಾಯುವ ಈಜಿಪ್ಟಿನವನು ಒಳಗೆ ನುಗ್ಗಿ ಎಲ್ಲರನ್ನೂ ಹೊರಗಟ್ಟುವಂತೆ ಎರಡೂ ಕೈ ಬೀಸಿದ.

“ಬರ್ರಾ! ಬರ್ರಾ! ಯಲ್ಲಾ! ಖಲಾಸ್ ಪ್ರೋಗ್ರಾಂ!”

ಎಲ್ಲರೂ ಹೊರಗೆ ಪಾರ್ಕಿಂಗಿನಲ್ಲಿ ಬಂದು ನಿಂತರು. ಕಾಳಗ ನಡೆಯಲಿಲ್ಲ, ಧೂಮಶೃಂಗ ಸಾಯಲಿಲ್ಲ. ದೇವತೆಗಳ ವೇಷದವರು ಕಾರಿನ ಬಾನೆಟ್ಟಿಗೆ ಒರಗಿ ಚಹಾ ಕುಡಿದರು. ಲತೀಶನನ್ನು ಗುರುತಿಲ್ಲದವರೆಲ್ಲ ಬಂದು ಬೆನ್ನು ತಟ್ಟಿದರು.

“ಮಂತ್ರಿ ಕಿರೀಟ ಕಿತ್ತುಕೊಂಡು ಓಡುದು, ಒಳ್ಳೆ ಐಡಿಯಾ ಮಾರಾಯ! ರಾಜಕೀಯ!”

“ಆ ಬ್ಯಾಟರಿ ಅಂದದ್ದು ಉಂಟಲ್ಲ, ನಕ್ಕು ನಕ್ಕು ಸಾಕಾಯ್ತು. ಮುಂದಿನ ವರ್ಷವೂ ಇಡಿ.”

ಪುರಂದರ ದೂರದಲ್ಲಿ ಕೂತು ಹಿಂದಲೆಗೆ ಐಸ್ ಒತ್ತಿಕೊಂಡು ಇದನ್ನೆಲ್ಲ ಕೇಳುತ್ತಿದ್ದ. ಅವನ ಗಿರ್ಕಿಯ ಮಾತನ್ನು ಯಾರೂ ಎತ್ತಲಿಲ್ಲ.

ವಾರಿಜ ಮರಳಿನಲ್ಲಿ ಕಡ್ಡಿಯಿಂದ ಕೆದಕಿ ಕಪ್ಪಾದ ತಾಮ್ರದ ಸುರುಳಿಯನ್ನು ಎತ್ತಿ ತಂದಳು. ಗಂಡನ ಎದುರೇ ಹಿಡಿದಳು.

“ಇದು ಕಾಯಿಲ್ ಅಲ್ಲ. ಬಳೆ. ಯಾರು ಹಾಕಿದ್ದು?”

“ನಾನು ಅಕ್ಕ,” ಎಂದ ಲತೀಶ. ಪುರಂದರ ನಿಧಾನಕ್ಕೆ ಎದ್ದ.

“ಹಾಗಾದ್ರೆ ಒಳಗೆ ಇದ್ದದ್ದು?”

“ಕಾಂತಾಲ್, ಅಣ್ಣ.”

“ನನಗೆ ಮೋಸ ಮಾಡಿದ್ಯಾ! ನಾನು ಹೇಳಿದ ಹಾಗೆ ಪೂರ್ತಿ ತಾಮ್ರ ಹಾಕಿದ್ರೆ ಹೀಗೆ ಆಗ್ತಿತ್ತಾ?”

“ಆಗ್ತಿರಲಿಲ್ಲ,” ಎಂದಳು ವಾರಿಜ. “ಚೌಕಿಯಲ್ಲೇ ಆಗಿ ಮುಗೀತಿತ್ತು. ಗಣಪತಿಯ ಎದುರು. ಕಾರು ಹತ್ತಿ. ತಲೆ ಮುಟ್ಟಬೇಡಿ.”

ತಂಡದ ಮುಂದಿನ ಶುಕ್ರವಾರದ ಸಭೆಗೆ ಲತೀಶ ಉಗುರು ಕಚ್ಚುತ್ತ ಹೋದ. ನಾಲ್ಕು ಮಾತು ಹೇಳದಿದ್ದರೇನು, ಮೂರು ಮಾತು ಹೊಸೆದೇ ಹೇಳಿದ್ದ, ಜನ ಚಪ್ಪಾಳೆಯನ್ನೂ ತಟ್ಟಿದ್ದರು. ಇನ್ನೊಮ್ಮೆ ಕೊಡಿ ಎಂದು ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಕೇಳುವ ಅಗತ್ಯ ಬೀಳಲಿಲ್ಲ. ಪುರಂದರ ಪ್ರಸಂಗವನ್ನು ತಿದ್ದಿ ತಂದಿದ್ದ. ಹೊಸ ಪ್ರತಿಯಲ್ಲಿ ಕತೆ ಆರಂಭವಾಗುವ ಮೊದಲೇ ಮಂತ್ರಿ ದುರ್ಮತಿ ಜ್ವರದಿಂದ ಸತ್ತಿದ್ದ.

“ತೆರೆ?” ಎಂದು ಕೇಳಿದ ಲತೀಶ.

“ಹೊಸ ಹುಡುಗ ಒಳ್ಳೆ ಹಿಡೀತಾನೆ,” ಎಂದ ಪುರಂದರ.

ಹೋದದ್ದು ಒಟ್ಟು ಇಷ್ಟು: ಬ್ಯಾಟರಿ ಒಂದು, ಸಫ್ವಾನನ ಹಿತ್ತಾಳೆಯ ಕೊಳವೆ ಒಂದು, ಕೊಂಬು ಎರಡು, ಮೀನಿನ ಪಂಪು ಒಂದು, ಪುರಂದರನ ಹಿಂದಲೆಯಲ್ಲಿ ಅಂಗೈಯಗಲ ಕೂದಲು, ಇನ್ನು ಸಿಗದ ಸಭಾಂಗಣ ಒಂದು, ಮಾತು ನಾಲ್ಕು.